ಈರಣ್ಣನ ಪಂಪು, ನನ್ನ ಬಾಯಿ

ಅಲ್ಲಲೇ, ನೀರಿನ ಪಂಪ್ ಅಲ್ಲ, ಡೀಸೆಲ್ ಪಂಪ್. ಇಂಜಿನ್ನಿನ ಮಗ್ಗಲಾಗ ಕುಂತಿರತೈತಿ, ಇಷ್ಟುದ್ದ, ಮ್ಯಾಲೆ ಆರು ಪೈಪು, ಒಂದೊಂದು ಪೈಪು ಒಂದೊಂದು ಸಿಲಿಂಡರಿಗೆ ಇಷ್ಟಿಷ್ಟ ಡೀಸೆಲ್ ಕೊಡತೈತಿ, ಕಣ್ಣಿಗೆ ಔಷಧ ಬಿಟ್ಟಂಗ. ಅದು ಕೆಡ್ತು ಅಂದ್ರ ಲಾರಿ ಅಂಬೂದು ಬರೇ ಕಬ್ಬಿಣ, ತೂಕಕ್ಕ ಹಾಕಬೇಕು. ಇದು ಎಂಬತ್ತೈದರಾಗ... ಅಲ್ಲ, ನಿಮ್ಮಪ್ಪ ಆಗ ಸಾಲಿಗೆ ಹೋಗಾಕ ಅಳ್ತಿದ್ದ, ಅಂದ್ರ ಎಂಬತ್ತೇಳ ಇರಬೇಕು. ಇರ್ಲಿ, ಎಂಬತ್ತೇಳ ಅಂತ ಇಟ್ಟುಕೋರಿ. ನಾವು ಗೋವಾದ ಸಾಂಕೋಲ್ಯಾಗ ಒಂದು ತಗಡಿನ ಖೋಲಿಯೊಳಗ ಇದ್ವಿ. ಬ್ಯಾಸಗಿಯಾಗ ಒಳಗ ಕುಂದ್ರಾಕ ಆಗ್ತಿದ್ದಿಲ್ಲ, ಮಳಿಗಾಲದಾಗ ಒಳಗೂ ಹೊರಗೂ ಮಳಿ. ನಾ ಒಬ್ಬ ಶೇಟ್‌ನ ಲಾರಿ ಹೊಡೀತಿದ್ದೆ. ಗಣಿಯಾಗ ಕಬ್ಬಿಣದ ಕೆಂಪು ಮಣ್ಣು ತುಂಬೂದು, ಹೊಳಿ ದಂಡಿ ಜೆಟ್ಟಿಗೆ ಹಾಕೂದು, ಅಲ್ಲಿಂದ ಅದು ಬಾರ್ಜ್ ಅನ್ನೂ ಸರಕಿನ ದೋಣ್ಯಾಗ ಮುರ್ಮುಗಾಂವ್ ಬಂದರಕ್ಕ ಹೋಗ್ತಿತ್ತು. ಎಷ್ಟು ಟ್ರಿಪ್ಪು ಹೊಡೀತಾನ ಅನ್ನೂದ ಡ್ರೈವರ್‌ನ ಯೋಗ್ಯತಾ. ಉಳಿದದ್ದು ಯಾರೂ ಕೇಳ್ತಿದ್ದಿಲ್ಲ. ನಮಾಜ್ ಮಾಡ್ತಾನೋ ಇಲ್ಲೋ, ಕುಡೀತಾನೋ ಇಲ್ಲೋ, ಯಾರಿಗೂ ಬ್ಯಾಡಾಗಿತ್ತು.

ಈಗ ಈರಣ್ಣನ್ನ ಹೇಳಬೇಕು. ಅಂವ ಬಾದಾಮಿ ಕಡಿಯಂವ, ಬಡಿಗ್ಯಾರಂವ, ನನಕಿಂತ ಎಂಟತ್ತು ವರ್ಷ ಸಣ್ಣಂವ. ನನಗ ಮಾಮಾ ಅಂತಿದ್ದ. ಅಂವ ಹಿಂದೂ, ನಾ ಮುಸಲ್ಮಾನ, ಆದ್ರ ಗೋವಾಕ್ಕ ಬಂದಮ್ಯಾಲೆ ಕನ್ನಡ ಮಾತಾಡಾಂವ ಸಿಕ್ಕ ಅಂದ್ರ ಸಾಕು, ಒಂದು ಸಂಬಂಧ ಹಚ್ಚಿಬಿಡ್ತಿದ್ವಿ. ವಾಸ್ಕೋದಾಗ ಒಂದು ದೊಡ್ಡ ವರ್ಕ್‌ಶಾಪಿನಾಗ ಪಂಪ್ ಬಿಚ್ಚಿ ಜೋಡಸೂ ಕೆಲಸ ಅವಂದು. ಕೈ ಅಂದ್ರ ಕೈ, ಏನ್ ಹೇಳ್ಲಿ. ನಾನ ಅವನ ಕಿವಿ ಊದಿದೆ. "ತಮ್ಮಾ, ಎಷ್ಟು ದಿನಾ ಮಂದಿ ಕೈಯಾಗ ದುಡೀತಿ? ಕೊರ್ತಾಲಿಮ್‌ದಾಗ ನಿಂದ ಒಂದು ಅಂಗಡಿ ಹಾಕು. ಗಾಡಿ ನಾ ಕರಕೊಂಡ ಬರ್ತೇನಿ." ಅಂವ ನನ್ನ ಮಾತು ನಂಬಿ ನೌಕರಿ ಬಿಟ್ಟ. ಪಂಪ್ ಕಟ್ಟಿ ನೋಡೂ ಹಳೇ ಬೆಂಚ್ ಒಂದು ತಂದ, ಊರಿಂದ ಬಸುರಿ ಹೆಂಡತೀನ ಕರಕೊಂಡು ಬಂದ, ಅಂಗಡಿ ಹಿಂದ ಒಲಿ ಹೂಡಿದ. ಅಂದ್ರ ಏನಾತು, ಅವನ ಮನಿ ಒಲಿ ನನ್ನ ಬಾಯಿ ಮ್ಯಾಲೆ ಉರಿಯಾಕತ್ತಿತ್ತು. ಇದನ್ನ ನಾ ಆಗ ವಿಚಾರ ಮಾಡಿದ್ದಿಲ್ಲ, ಈಗ ಹೇಳಾಕತ್ತೇನಿ.

ಅವನ ಅಂಗಡಿಗೆ ಮೊದಲನೇ ಗಾಡಿ ನಂದ. ನಮ್ಮ ಲಾರಿ ಘಾಟ್ ಹತ್ತೂವಾಗ ಮುಕ್ಕರಿತಿತ್ತು. ಪಂಪಿಗೆ ಒಂದು ಸ್ಕ್ರೂ ಇರತೈತಿ, ಡೀಸೆಲ್ ಎಷ್ಟು ಬಿಡಬೇಕು ಅನ್ನೂದಕ್ಕ. ಅದಕ್ಕ ಕಂಪನಿಯವ್ರು ತಂತಿ ಕಟ್ಟಿ ಸೀಸದ ಸೀಲ್ ಹೊಡದಿರ್ತಾರ, ಮುಟ್ಟಬ್ಯಾಡ್ರಿ ಅಂತ. ಮುಟ್ಟಬ್ಯಾಡ ಅಂದದ್ದು ಮುಟ್ಟೂದು ನಮ್ಮ ಮಂದಿ ಚಟ. ನಾ ಅಂದೆ, "ಈರಣ್ಣ, ಇದನ್ನ ಸ್ವಲ್ಪ ಬಿಚ್ಚು. ಗಾಡಿ ಎಳೀಬೇಕು ನೋಡು, ಹಂಗ ಎಳೀಬೇಕು." ಅಂವ ಎರಡು ದಿನ ಒಲ್ಲೆ ಅಂದ, ಮೂರನೇ ದಿನ ಬಿಚ್ಚಿದ. ಒಳಗಿನ ಸಾಮಾನು ಹೊಸಾದು ಹಾಕಿದ, ಸ್ಕ್ರೂ ತಿರುವಿದ, ಬೆಂಚಿಗೆ ಕಟ್ಟಿ ಅಳತಿ ಮಾಡಿದ. ಕೊಡೂ ಮುಂದ ಒಂದ ಮಾತು ಹೇಳಿದ. "ಮಾಮಾ, ಇನ್ನ ಮ್ಯಾಲೆ ಧೂಳ ಒಳಗ ಹೋಗಬಾರದು. ಒಂದು ಕಣ ಹೋದ್ರೂ ಈ ಪಂಪ್ ಉಳಿಯಂಗಿಲ್ಲ. ನೀವು ಮಣ್ಣಾಗ ತಿರುಗ್ಯಾಡೂ ಮಂದಿ, ಅದಕ್ಕ ಹೇಳಾಕತ್ತೇನಿ."

ನಾ ಮಾತು ಕೇಳೂ ಮನಶ್ಯಾ. ಮನಿಗೆ ಬಂದು ಎಲ್ಲೆಲ್ಲಿಂದ ಧೂಳ ಹೋಗತೈತಿ ಅಂತ ನೋಡಿದೆ. ಡೀಸೆಲ್ ಟ್ಯಾಂಕಿನ ಮುಚ್ಚಳದಾಗ ನಡುವ ಒಂದು ತೂತು ಐತಿ, ಸೂಜಿ ಹೋಗೂವಷ್ಟು. ನನಗ ನಗಿ ಬಂತು. ಇಷ್ಟು ದೊಡ್ಡ ಕಂಪನಿ, ಮುಚ್ಚಳಕ್ಕ ತೂತು ಬಿಟ್ಟಾರಲ್ಲ! ಬೆಸಿಗಿ ಹಾಕಿಸಿ ಮುಚ್ಚಿದೆ. ಟ್ಯೂಬಿನ ರಬ್ಬರ್ ದುಂಡಗ ಕತ್ತರಿಸಿ ಒಳಗ ವಾಷರ್ ಹಾಕಿದೆ. ಗಾಳಿ ಸೈತ ಹೋಗಬಾರದು, ಹಂಗ ಬಿಗಿ ಮಾಡಿದೆ. ಮಾಡಿ ಸುಮ್ಮನ ಕುಂದರಲಿಲ್ಲ, ಅವತ್ತ ಸಂಜಿಕ ಮುಚ್ಚಳ ಹಿಡಕೊಂಡು ಹೋಗಿ ಜೆಟ್ಟಿ ಸಾಲಿನಾಗ ಎಲ್ಲಾರಿಗೂ ತೋರಿಸಿದೆ. "ನೋಡ್ರಿ, ಗಾಡಿ ಹಿಂಗ ಇಟ್ಟಕೋಬೇಕು." ಅಷ್ಟರಾಗ ನನ್ನ ಹಿಂದ ಬಂದು ಈರಣ್ಣನ ಕಡೆ ಪಂಪ್ ಬಿಚ್ಚಿಸಿದ್ದ ಇನ್ನಿಬ್ಬರು ಡ್ರೈವರ್ ಇದ್ರು, ಅವರೂ ನನ್ನ ನೋಡಿ ಹಂಗ ಮಾಡಿಸಿದ್ರು. ನನಗ ಭಾಳ ಹೆಮ್ಮೆ.

ಮರುದಿನ ಮುಂಜಾನೆ ಗಾಡಿ ತಗದೆ. ಏನ್ ಎಳ್ಯಾಕತ್ತಿತ್ತು ಅಂತೀರಿ! ಕರಿ ಹೊಗಿ ಬಿಟಗೋತ ಘಾಟ್ ಏರಿತು. ಹಿಂದಿನ ಗಾಡಿಯಂವ ಕಾಣಲೇ ಇಲ್ಲ, ದೂರ ಉಳಿದಿದ್ದನೋ ಹೊಗಿಯಾಗ ಇದ್ದನೋ ಗೊತ್ತಿಲ್ಲ. ಏಳೆಂಟು ಮೈಲು ಹೋತು, ಮೆಲ್ಲಕ ದಮ್ಮು ಬಿಡಾಕತ್ತಿತು, ಆಮ್ಯಾಲೆ ನಿಂತಬಿಡ್ತು. ಗಾಡಿ ನಿಂತ್ರ ಮೊದಲು ಏನ್ ಮಾಡಬೇಕು? ಡೀಸೆಲ್ ಐತೇನು ನೋಡಬೇಕು. ನಮ್ಮ ಗಾಡಿಯಾಗ ಡೀಸೆಲ್ ತೋರಸೂ ಕಾಟಾ ಕೆಟ್ಟು ಯಾವ ಕಾಲಾತೋ, ಬಿದಿರ ಕಡ್ಡಿ ಇಟ್ಟಿದ್ದೆ. ಮುಚ್ಚಳ ತಗದೆ, ಕಡ್ಡಿ ಅದ್ದಿ ನೋಡಿದೆ, ಡೀಸೆಲ್ ಐತಿ, ಮುಚ್ಚಿದೆ. ಆಮ್ಯಾಲೆ ಪಂಪಿನ ಮಗ್ಗಲಾಗ ಒಂದು ಹ್ಯಾಂಡ್ ಪಂಪ್ ಇರತೈತಿ, ಪೈಪಿನಾಗಿನ ಗಾಳಿ ತಗ್ಯಾಕ. ಹೊಡದೆ, ಹೊಡದೆ, ಅಂಗೈ ಬೊಬ್ಬಿ ಬಂತು. ಸೆಲ್ಫ್ ಹೊಡದೆ, ಸುರು ಆತು. ಮತ್ತ ಏಳೆಂಟು ಮೈಲು, ಮತ್ತ ನಿಂತಿತು. ಮತ್ತ ಮುಚ್ಚಳ, ಮತ್ತ ಕಡ್ಡಿ, ಮತ್ತ ಹ್ಯಾಂಡ್ ಪಂಪು. ನಾಕು ದಿನಾ ಹಿಂಗ. ಫಿಲ್ಟರ್ ಬದಲಿ ಮಾಡಿದೆ, ಪೈಪ್ ಬದಲಿ ಮಾಡಿದೆ. ಅದರ ಮ್ಯಾಲೆ ಟ್ಯಾಂಕಿನ ಮಗ್ಗಲು ಒಳಗ ತಗ್ಗು ಬಿದ್ದಿತ್ತು, ಯಾವನೋ ಗುದ್ದಿ ಹೋಗ್ಯಾನ ಅಂತ ಅವಂಗೂ ಬೈದೆ. ಶೇಟ್ ಬಂದು ಸೊಂಟದ ಮ್ಯಾಲೆ ಕೈ ಇಟಗೊಂಡು ನಿಂತ. "ಕಿತೆಂ ರೇ ಜಾಲೆಂ?" ಅಂದ, ಏನಾತೋ ಅಂತ. ನಾ ಹೇಳಿದೆ, "ಪಂಪ್ ಶೇಟ್, ಪಂಪ್."

ಎರಡು ಸಲ ಈರಣ್ಣ ಪಂಪ್ ಇಳಿಸಿ ಬೆಂಚಿಗೆ ಕಟ್ಟಿ ನೋಡಿದ. ಬೆಂಚ್ ಮ್ಯಾಲೆ ಗಡಿಯಾರದಂಗ ಓಡತೈತಿ. "ಮಾಮಾ, ಪಂಪಿನಾಗ ಏನೂ ಇಲ್ಲ. ಬೆಂಚ್ ಮ್ಯಾಲೆ ಚಲೋ ಓಡಾಕತ್ತೈತಿ." ನಾ ಅಂದೆ, "ಬೆಂಚ್ ಮ್ಯಾಲೆ ಓಡಿದ್ರ ಬೆಂಚ್‌ನಾಗ ಮಣ್ಣು ತುಂಬಲೇನು?" ಅಂವ ಪಂಪ್ ಮತ್ತ ಗಾಡಿಗೆ ಏರಿಸಿದ. ಐದನೇ ದಿನ ಉಳಿದ ಎರಡು ಗಾಡೀನೂ ಹಿಂಗ ನಿಂತಾವ ಅಂತ ಸುದ್ದಿ ಬಂತು. ಬಿಚ್ಚಿದ್ದು ಮೂರು ಪಂಪು, ನಿಂತದ್ದು ಮೂರೂ ಗಾಡಿ. ಇನ್ನೇನ್ ಸಾಕ್ಷಿ ಬೇಕು? ಅವತ್ತ ಜೆಟ್ಟಿಯಾಗ ನಲವತ್ತು ಗಾಡಿ ಸಾಲು ಹಚ್ಚಿದ್ವು. ಈರಣ್ಣ ಯಾರದೋ ಗಾಡಿಗೆ ಪೈಪ್ ಕೊಡಾಕ ಬಂದಿದ್ದ. ಎಲ್ಲಾರ ಮುಂದ ಬಾಯಿ ಬಿಟ್ಟೆ. "ಇಂವಾ ಮೆಕ್ಯಾನಿಕ್ ಅಲ್ಲ, ಬಡಗ್ಯಾ! ಬಾಗಲಾ ಹೆರಿಯೂ ಕೈಗೆ ಪಂಪ್ ಕೊಟ್ಟದ್ದು ನನ್ನ ತಪ್ಪು! ಯಾರೂ ಇವನ ಕಡೆ ಹೋಗಬ್ಯಾಡ್ರಿ!" ಅಂವ ಪೈಪ್ ಅಲ್ಲೇ ಕೆಳಗಿಟ್ಟು ಹೋದ. ಮರುದಿನದಿಂದ ಅವನ ಅಂಗಡಿ ಮುಂದ ಒಂದ ಗಾಡಿ ಇಲ್ಲ. ಕರಕೊಂಡ ಬಂದಂವ ನಾನ, ಓಡಿಸಿದಂವ ನಾನ.

ಆಮ್ಯಾಲೆ ಒಂದು ವಾರ ಆಗಿರಬೇಕು. ಘಾಟ್‌ನಾಗ ಮಧ್ಯಾಹ್ನ ಗಾಡಿ ಮತ್ತ ನಿಂತಿತು. ಮುಚ್ಚಳ ತಗದೆ, ಕಡ್ಡಿ ಅದ್ದಿದೆ, ಮುಚ್ಚಿದೆ. ಹ್ಯಾಂಡ್ ಪಂಪ್ ಹೊಡ್ಯಾಕ ಮನಸ ಬರಲಿಲ್ಲ, ಕೈ ನೋಯಾಕತ್ತಿತ್ತು. ಹಾಳಾಗಿ ಹೋಗು ಅಂತ ಗಾಲಿ ನೆಳ್ಳಾಗ ಕುಂತು ರೊಟ್ಟಿ ಚಟ್ನಿ ತಿಂದೆ. ತಿಂದು ಹತ್ತಿ ಸುಮ್ಮನ ಸೆಲ್ಫ್ ಹೊಡದೆ. ಸುರು ಆತು! ನಾ ಏನೂ ಮಾಡಿಲ್ಲ, ಸುರು ಆತು. ನನಗ ಖುಷಿ ಆಗಬೇಕಿತ್ತು, ಆಗಲಿಲ್ಲ. ಏನೂ ಮಾಡದ ಸುರು ಆತು ಅಂದ್ರ ಇಷ್ಟು ದಿನಾ ಏನ್ ಮಾಡಿದ್ದಕ್ಕ ಸುರು ಆಗ್ತಿತ್ತು? ಮುಂದ ನಿಂತಾಗ ಮುಚ್ಚಳ ಮುಟ್ಟಲಿಲ್ಲ, ಬರೇ ಹ್ಯಾಂಡ್ ಪಂಪ್ ಹೊಡದೆ. ಸುರು ಆಗಲಿಲ್ಲ. ಬರೇ ಮುಚ್ಚಳ ತಗದು ಹಾಕಿದೆ. ಸುರು ಆತು. ಅದರ ಮುಂದಿನ ಸಲ ಮುಚ್ಚಳಕ್ಕ ಕಿವಿ ಹಚ್ಚಿ ತಗದೆ. ಹುಸ್ಸ್ ಅಂತು, ಗಾಳಿ ಒಳಗ ಎಳಕೊಂತು. ಎಲ್ಲಾ ದಿನಾ ಹಂಗ ಅಂದಿರಬೇಕು. ನಾ ಬೈಗಳದ ಸಪ್ಪಳದಾಗ ಕೇಳಿಸ್ಕೊಂಡಿದ್ದಿಲ್ಲ.

ಮನಿಗೆ ಹೋಗಿ ನೋಡ್ತೇನಿ, ನಿಮ್ಮ ಅಜ್ಜಿ ಎಣ್ಣಿ ಡಬ್ಬಿಗೆ ಮೊಳಿ ಬಡ್ಯಾಕತ್ತಾಳ. ಒಂದು ತೂತು ಹೊಡದ್ಲು, ಆ ಕಡೆ ಇನ್ನೊಂದು ಹೊಡದ್ಲು. "ಎರಡ್ಯಾಕ?" ಅಂದೆ. "ಒಂದ ಇದ್ರ ಎಣ್ಣಿ ಬರಂಗಿಲ್ಲ, ಗಾಳಿ ಹೋಗಾಕ ಒಂದು ಬೇಕು, ಅಷ್ಟೂ ಗೊತ್ತಿಲ್ಲೇನು?" ಅಂದ್ಲು. ಇಪ್ಪತ್ತು ವರ್ಷ ಲಾರಿ ಹೊಡದೀನಿ, ಅಷ್ಟೂ ಗೊತ್ತಿದ್ದಿಲ್ಲ. ಡೀಸೆಲ್ ಖಾಲಿ ಆದಂಗ ಆದಂಗ ಗಾಳಿ ಒಳಗ ಹೋಗಬೇಕು, ನಾ ಟ್ಯಾಂಕಿನ ಬಾಯಿ ಮುಚ್ಚಿಬಿಟ್ಟಿದ್ದೆ. ಒಳಗ ಗಾಳಿ ಇಲ್ಲದ ಟ್ಯಾಂಕು ತಾನ ತಗ್ಗು ಬಿದ್ದಿತ್ತು. ಯಾರೂ ಗುದ್ದಿದ್ದಿಲ್ಲ.

ನಾ ಮುಚ್ಚಳ ರುಮಾಲಿನಾಗ ಸುತಗೊಂಡು ಕೊರ್ತಾಲಿಮ್‌ಗೆ ಹೋದೆ. ಅಂಗಡಿಯಾಗ ಬೆಂಚಿಗೆ ಗೋಣಿ ಚೀಲ ಸುತ್ತಿ ಹಗ್ಗ ಬಿಗದಿದ್ದ. ಹೆಂಡತಿ ಹಿಂದ ಗಡಗಿ ಕಟ್ಟಾಕತ್ತಿದ್ಲು, ಏಳು ತಿಂಗಳ ಹೊಟ್ಟಿ. ಮರುದಿನ ಊರ ಬಸ್ಸಿಗೆ ಹೊಂಟವ್ರು. ನನಗ ನಾಚಿಕಿ ಆತು, ಸುಳ್ಳ ಯಾಕ ಹೇಳ್ಲಿ. ಮೆಲ್ಲಕ ಅವನ ಮಗ್ಗಲಾಗ ಹೋಗಿ ಅಂದೆ, "ಈರಣ್ಣ, ಪಂಪಿಂದಲ್ಲಪಾ. ಮುಚ್ಚಳದ್ದು. ತೂತು ನಾನ ಮುಚ್ಚಿಸಿದ್ದೆ." ಅಂವ ಹಗ್ಗದ ಗಂಟು ಬಿಗಿಯೂದು ಬಿಡಲಿಲ್ಲ.

"ಯಾರಿಗೆ ಹೇಳಾಕತ್ತೀರಿ ಮಾಮಾ?"

"ನಿನಗ."

"ಪಂಪಿಂದಲ್ಲ ಅಂತ ನನಗ ಮೊದಲ ಗೊತ್ತಿತ್ತಲ್ಲ. ನನಗ ಯಾಕ ಹೇಳ್ತೀರಿ?"

ಅಷ್ಟ ಅಂದ. ಅವನ ಹೆಂಡತಿ ನನ್ನ ಮಾರಿ ನೋಡಲಿಲ್ಲ, ಆದ್ರೂ ಒಂದು ಲೋಟ ನೀರು ತಂದು ಇಟ್ಲು. ಅದು ಇನ್ನಾ ಕಷ್ಟ.

ಮರುದಿನ ಹೊತ್ತು ಏರೂಕಿಂತ ಮೊದಲ ಜೆಟ್ಟಿಗೆ ಹೋದೆ. ಗಾಡಿ ಸಾಲು ಹಂಗ ಇತ್ತು. ಮೊದಲನೇ ಗಾಡಿಯಂವಗ ಹೇಳಿದೆ. ಬೈಯೂವಾಗ ದನಿ ತಾನ ಬಂದಿತ್ತು, ಈಗ ಬರವಲ್ದು. ಅಂವ ಅಂದ, "ಸಾಬ್ರ, ಜೋರಾಗಿ ಹೇಳ್ರಿ, ಇಂಜಿನ್ ಸಪ್ಪಳಕ್ಕ ಕೇಳವಲ್ದು." ನಾ ಲಾರಿ ಮಣ್ಣಿನ ಮ್ಯಾಲೆ ಹತ್ತಿ ನಿಂತು ಮುಚ್ಚಳ ಎತ್ತಿ ಹಿಡದು ಒದರಿದೆ. "ಈರಣ್ಣಂದು ಏನೂ ತಪ್ಪಿಲ್ರಿ! ನನ್ನ ತಪ್ಪು! ಮುಚ್ಚಳ ಮುಚ್ಚಿಸಿದಂವ ನಾನು!" ಕನ್ನಡದಾಗ ಹೇಳಿದೆ, ಹಿಂದಿಯಾಗ ಹೇಳಿದೆ, ಬಂದಷ್ಟು ಕೊಂಕಣಿಯಾಗ ಹೇಳಿದೆ. ಮೂರೂ ಭಾಷಾದವ್ರೂ ನಕ್ರು. ಉಳಿದಿಬ್ಬರು ಅಲ್ಲೇ ತಮ್ಮ ಮುಚ್ಚಳಕ್ಕ ಮೊಳಿಲೆ ತೂತು ಹೊಡದ್ರು. ಅವತ್ತಿಂದ ನನಗ ಮುಚ್ಚಳ ಸಾಬ ಅಂತ ಹೆಸರು. ಇರ್ಲಿ, ಗಳಿಸಿದ್ದು.

ಈರಣ್ಣ ಬಸ್ಸಿಗೆ ಹೋಗಲಿಲ್ಲ. ಮಧ್ಯಾಹ್ನದಾಗ ಇಬ್ಬರು ಡ್ರೈವರ್ ಹೋಗಿ ಗೋಣಿ ಚೀಲ ಬಿಚ್ಚಿಸಿದ್ರು. ಮಗಳು ಹುಟ್ಟಿದ್ಲು, ಪೇಡೆ ತಂದು ಕೊಟ್ಟ. ಅಂಗಡಿ ಬೆಳೀತು, ಎರಡು ಬೆಂಚ್ ಆದ್ವು. ಎಲ್ಲಾರ ಪಂಪೂ ಮಾಡಿದ. ನಂದು ಮಾತ್ರ ಮುಟ್ಟಲಿಲ್ಲ. ಹೋದ್ರ ಚಾ ತರಸ್ತಿದ್ದ, ಮನಿ ಮಂದಿ ಸುದ್ದಿ ಕೇಳ್ತಿದ್ದ, ಪಂಪ್ ತೋರಿಸಿದ್ರ, "ಇದನ್ನ ಮಡಗಾಂವಿಗೆ ಒಯ್ರಿ ಮಾಮಾ" ಅಂತಿದ್ದ. ಒಮ್ಮೆ ಕೇಳಿದೆ, "ಇನ್ನೂ ಸಿಟ್ಟ ಐತೇನಪಾ?" "ಸಿಟ್ಟಿಲ್ಲ ಮಾಮಾ. ನಿಮ್ಮ ಪಂಪ್ ಹಿಡದ್ರ ನನ್ನ ಕೈ ಮ್ಯಾಲೆ ನನಗ ನಂಬಿಕಿ ಬರಂಗಿಲ್ಲ." ಹನ್ನೊಂದು ವರ್ಷ ಅವನ ಅಂಗಡಿ ಮುಂದ ಹಾದು ಮಡಗಾಂವಿಗೆ ಪಂಪ್ ಒಯ್ದೆ. ಹೋದಾಗೊಮ್ಮೆ ಅಂವ ಕೈ ಎತ್ತತಿದ್ದ, ನಾನೂ ಎತ್ತತಿದ್ದೆ. ನನಗ ಭಾಳ ಕೆಟ್ಟ ಅನಸ್ತಿತ್ತು. ಈಗೂ ಅನಸತೈತಿ.

ಅದಕ್ಕ ಹೇಳೂದು, ಮಂದೀನ ಎಷ್ಟು ಜೋರಾಗಿ ಬೈದಿರತೀರಿ, ನಂದ ತಪ್ಪಾತು ಅನ್ನೂದನ್ನೂ ಅಷ್ಟ ಜೋರಾಗಿ ಅನ್ರಿ. ಅಂದಮ್ಯಾಲೂ ಎಲ್ಲಾ ಮೊದಲಿನಂಗ ಆಗತೈತಿ ಅಂತ ತಿಳ್ಕೋಬ್ಯಾಡ್ರಿ, ಆದ್ರೂ ಅನ್ರಿ. ಏಳ್ರಿ ಈಗ, ನನ್ನ ಕಾಲು ಜೋಮು ಹಿಡೀತು.