ಜಪಾನ್ ಮಾಲು ಕೆಡೂದಿಲ್ಲಂತ

...ತಡಿ, ಒಗೀಬ್ಯಾಡ ಆ ಇಯರ್‌ಫೋನ್. ಕೆಟ್ಟದಂತ ಯಾರು ಹೇಳಿದ್ರು, ಬಿಚ್ಚಿ ನೋಡೀಯೇನು? ಕೂಡು ಇಲ್ಲಿ. ಪುಣೆ ಕಡೆ ಭೋಸರಿ ಕಾರ್ಖಾನ್ಯಾಗ ನಾ ಇಂಥಾ ಕೆಟ್ಟ ಸಾಮಾನಿಗೇ ಕೆಲಸ ಕಳಕೋತಿದ್ದೆ. ಹಳ್ಳಿ ಡೇರ್‍ಯಾಗ ಹಾಲು ತಂಪು ಮಾಡೋ ಟಾಕಿ ಇರ್ತಾವ ನೋಡು, ಅದರ ಕಂಟ್ರೋಲ್ ಬೋರ್ಡ್ ಮಾಡ್ತಿದ್ವಿ. ನಾ ರಿಪೇರಿ ಮೇಜಿಗೆ. ಆರು ಮಂದಿ ಹೆಣ್ಮಕ್ಕಳು, ಅಲ್ಲ, ಐದು, ಸುನಂದಾ ಇದೆಲ್ಲಾ ಮುಗದ ಮ್ಯಾಲ ಬಂದಳು. ಎಲ್ಲಾರೂ ಟೆಂಪರರಿ. ಆ ಬೋರ್ಡಿನ್ಯಾಗ ಒಂದು ಕರೀ ಡಬ್ಬಿ, ರಿಲೇ ಅಂತಾರ, ಬೆಂಕಿಪೆಟಿಗೀಗಿಂತ ಸಣ್ಣದು. ಟಕ್ ಅಂದ್ರ ಮೋಟರ್ ಚಾಲೂ, ಮತ್ತ ಟಕ್ ಅಂದ್ರ ಬಂದ್. ಅದು ಜಪಾನಿಂದ ಬರ್ತಿತ್ತು. ಇಲ್ಲಿಯ ಮಾಲು ಬಂದ್ರ ಒಂದೊಂದೂ ತಪಾಸಣಿ, ಜಪಾನಿಂದು ಬಂದ್ರ ಪೆಟಿಗಿ ಒಡದು ಸೀದಾ ಮೇಜಿಗೆ. ಯಾರೂ ನೋಡೂದಿಲ್ಲ. ಅಷ್ಟು ನಂಬಿಕಿ.

ಮೊದಲ್ನೇ ಮಳಿಗಾಲದಾಗ ಮೂರು ಬೋರ್ಡ್ ತಿರುಗಿ ಬಂದ್ವು. ಬಿಚ್ಚಿ ನೋಡ್ತೀನಿ, ಮೂರರಾಗೂ ರಿಲೇ ಒಳಗಿನ ತಗಡು ಅಂಟಿ ಕುಂತದ. ಡೇರ್‍ಯಾಗ ಹಗಲೂ ರಾತ್ರಿ ತ್ಯಾವ, ಅದೇನು ಮಾಡೀತು? ರಜಿಸ್ಟರಿನ್ಯಾಗ ‘ರಿಲೇ’ ಅಂತ ಬರದೆ. ಸುಪರ್‌ವೈಸರ್ ಶಿಂದೆ ಬಂದ, ಗೆರಿ ಹೊಡದ, ‘ವಾಯರಿಂಗ್’ ಅಂತ ಬರದ. ಮರಾಠಿಯಂವ, ನನಗ ಮಾವ್ಶಿ, ಅಂದ್ರ ಚಿಕ್ಕಮ್ಮ, ಅಂತಿದ್ದ. “ಜಪಾನ್ ಮಾಲ್ ಆಹೆ, ಮಾವ್ಶಿ! ಅದು ಕೆಡತದೇನು? ಸೋಲ್ಡರ್ ಹಿಡದು ನೀವೇ ಸುಟ್ಟಿರ್ತೀರಿ.” ಸುಟ್ಟಾಕಿ ಅಂತ ಹೆಸರು ಬಂದ್ರ ನಾಳಿಗೆ ಬರಬ್ಯಾಡ ಅಂತಾರ. ಅದಕ್ಕ ಪುರಾವೆ ಇರಲಿ ಅಂತ ಅವತ್ತಿಂದ ಸತ್ತ ರಿಲೇ ಎಲ್ಲಾ ಇಟ್ಟೆ. ಸೂಜೀಲೆ ಮ್ಯಾಲ ಗೀಚತಿದ್ದೆ, ಯಾವ ಊರಿನ ಬೋರ್ಡು, ಯಾವ ತಿಂಗಳು. ಕಾರ್ಖಾನ್ಯಾಗ ಇಟ್ರ ಕಸಕ್ಕ ಹಾಕ್ತಾರಲ್ಲ, ಊಟದ ಡಬ್ಬ್ಯಾಗ ಒಂದು ರೊಟ್ಟಿ ಉಳಿಸಿ ಅದರ ಕೆಳಗ ಇಟಗೊಂಡು ಮನೀಗೆ ಒಯ್ತಿದ್ದೆ. ಕಾಸರವಾಡ್ಯಾಗ ನನ್ನ ಖೋಲಿ, ಅಲ್ಲಿ ಉಪ್ಪಿನಕಾಯಿ ಭರಣ್ಯಾಗ ಹಾಕಿ ಇಡ್ತಿದ್ದೆ. ಕೆಟ್ಟದ್ದಾದ್ರೂ ಕಂಪನಿ ಮಾಲು ಗೇಟ್ ದಾಟಿದ್ರ ಕಳುವು. ಗೊತ್ತಿತ್ತು ನನಗ.

ನಾಕು ವರ್ಷ ಆತು. ಒಂದು ಶುಕ್ರವಾರ ಮಧ್ಯಾಹ್ನ ಮಾಲಕರು ಎಲ್ಲಾರನ್ನೂ ಕರದ್ರು. ಮುಖ ಇಳದಿತ್ತು. ಜಪಾನಿಂದ ಮೇಲ್ ಬಂದು ತಿಂಗಳಾಗಿತ್ತಂತ, ಯಾರೂ ಓದಿಲ್ಲ! ಅದರಾಗ ಬರದಿದ್ರು, ಈ ಸಣ್ಣ ಸಾಮಾನು ಇನ್ನ ನಾವು ಮಾಡೂದಿಲ್ಲ, ಇದೆಲ್ಲಾ ಈಗ ಚೀನಾ ಕಡೆ ಹೊಂಟದ, ನಾವು ಕಾರಿಗೆ ಹಾಕೋ ದುಬಾರಿ ಮಾಲಷ್ಟೇ ಮಾಡ್ತೀವಿ, ನಿಮಗ ಮುಂದ ಹತ್ತು ವರ್ಷಕ್ಕ ರಿಲೇ ಎಷ್ಟು ಬೇಕು ಒಮ್ಮೆಲೇ ಹೇಳ್ರಿ ಅಂತ. ಗಡುವು ಅವತ್ತೇ ಸಂಜಿ ಐದಕ್ಕ. ಆಮ್ಯಾಲ ಒಂದೂ ಇಲ್ಲ. ಬ್ಯಾರೆ ಕಂಪನಿ ರಿಲೇ ಹಾಕಬೇಕಂದ್ರ ಅದರ ತಂತಿ ಕಾಲು ನಮ್ಮ ಬೋರ್ಡಿನ ತೂತಿಗೆ ಕೂಡೂದಿಲ್ಲ, ಬೋರ್ಡೇ ಹೊಸಾದು ಮಾಡಬೇಕು. “ಹೊಸಾ ಬೋರ್ಡಿಗೆ ಎಷ್ಟು ಬೇಕು ನನಗ ಗೊತ್ತದ,” ಅಂದ್ರು ಮಾಲಕರು, “ರಿಪೇರಿಗೆ ಎಷ್ಟು?” ಶಿಂದೆ ರಜಿಸ್ಟರ್ ತಗದ. “ಏನೂ ಬ್ಯಾಡ, ಸಾಹೇಬ. ನಾಕು ವರ್ಷದಾಗ ಒಂದೂ ಕೆಟ್ಟಿಲ್ಲ.”

ಅದೇ ತಿಂಗಳು ಪರ್ಮನೆಂಟ್ ಮಾಡೋರ ಯಾದ್ಯಾಗ ನನ್ನ ಹೆಸರಿತ್ತು. ಸುಮ್ಮನಿದ್ರ ನೌಕರಿ ಪಕ್ಕಾ. ಆದ್ರ ಮುಂದ ಬೋರ್ಡ್ ತಿರುಗಿ ಬಂದ್ರ ಏನು ಹಾಕೋದು? ರಿಪೇರಿ ಮೇಜೇ ಮುಚ್ಚತದ, ಐದೂ ಮಂದಿ ಹೊರಗ. “ಸಾಹೇಬ್ರ, ಕೆಟ್ಟಾವ್ರಿ,” ಅಂದೆ. “ಪುರಾವೆ ಮನ್ಯಾಗ ಅದ.” ಮಾಲಕರು ಗಡಿಯಾರ ನೋಡಿದ್ರು. ಮೂರೂವರಿ. “ಓಡು.”

ಓಡಿದೆ. ರೇಲ್ವೆ ಗೇಟ್ ಹಾಕಿತ್ತು. ಹಾಕಿದ್ದೇನು, ಒಂದು ಲೋಕಲ್ ಹೋತು, ಹಿಂದ ಮಾಲ್‌ಗಾಡಿ, ಡಬ್ಬಿ ಮುಗೀಲಿಕ್ಕೇ ಒಲ್ಲವು. ಭರಣಿ ಎದಿಗೆ ಅವಚಿಕೊಂಡು ಬರೋದ್ರಾಗ ನಾಕೂವರಿ ಆತು. ಮಜಾ ನೋಡು, ಹೊರಗ ಹೋಗುವಾಗ ರೊಟ್ಟಿ ಡಬ್ಬಿ ತಗಸ್ತಿದ್ದ ವಾಚ್‌ಮನ್, ಭರಣಿ ಒಳಗ ಒಯ್ಯುವಾಗ ಕೇಳಲೇ ಇಲ್ಲ! ಮೇಜಿನ ಮ್ಯಾಲ ಸುರದೆ. ಶಿಂದೆ ಕೂಗಿದ, “ಚೋರಿ ಆಹೆ ಹೀ, ಸಾಹೇಬ! ಕಳುವು!” ಮಾಲಕರು ಒಂದು ಎತ್ತಿ ಬೆಳಕಿಗೆ ಹಿಡದು ಓದಿದ್ರು. “ಶಿರೂರ, ಆಷಾಢ.” ಇನ್ನೊಂದು. “ದೌಂಡ, ಶ್ರಾವಣ.” “ಗೇಟ್ ಹ್ಯಾಂಗ ದಾಟಿಸ್ದಿ?” “ರೊಟ್ಟಿ ಕೆಳಗರಿ.” ಅವರು ನಗಲಿಲ್ಲ. “ಶಿಂದೆ, ನಾಕು ವರ್ಷದಾಗ ಎಷ್ಟು ಕೆಟ್ಟಾವ, ಎಣಸು. ಲಗೂನ.” ಐದಕ್ಕ ನಾಕು ಮಿನಿಟ್ ಇರುವಾಗ ರಿಪೇರಿ ಲೆಕ್ಕಾನೂ ಸೇರಿಸಿ ಜಪಾನಿಗೆ ಮೇಲ್ ಹೋತು.

ಸೋಮವಾರ ಮಾಲು ಗೇಟ್ ದಾಟಿಸಿದ್ದಕ್ಕ ನನಗ ಮೆಮೋ ಕೊಟ್ರು. ಪರ್ಮನೆಂಟ್ ಒಂದು ವರ್ಷ ಮುಂದಕ್ಕ. ಕಣ್ಣೀರು ಹಾಕಿದೆ, ಖರೆ. ಆದ್ರ ಮೇಜು ಉಳೀತು, ಐದೂ ಮಂದಿ ಉಳದ್ವಿ. ಮುಂದಿನ ಮಳಿಗಾಲಕ್ಕ ಶಿಂದೆ ರಜಿಸ್ಟರ್ ತಂದು ಮುಂದಿಟ್ಟ, ಮುಖ ಆಚೀಕಡೆ ತಿರುಗಿಸಿ ಅಂದ, “ಮಾವ್ಶಿ, ರಿಲೇ ಕೆಟ್ರ ರಿಲೇ ಅಂತಲೇ ಬರೀರಿ.”

ಹೆಸರು ಕೇಳಿ ನಂಬಬಾರದು, ಬಿಚ್ಚಿ ನೋಡಬೇಕು. ತಾ ಇಲ್ಲಿ ಆ ಇಯರ್‌ಫೋನ್. ಸೂಜಿ ಎಲ್ಲದ?