ಮೊದಲ ಪಾವಿಗೆ ಸೊನ್ನೆ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಲತಾ ಅವರೇ, ಚಂದ್ರಾ ಲೇಔಟ್ ಹಿರಿಯ ನಾಗರಿಕರ ಸಂಘದ ಬಂಧುಗಳೇ, ಊಟದ ಹಾಲ್ ಕಡೆಗೇ ಒಂದು ಕಣ್ಣಿಟ್ಟು ಕುಳಿತಿರುವ ಸಭಿಕರೇ,

ಈ ಶಾಲು ನನಗೆ ಏಕೆ? ವಿದೇಶದಲ್ಲಿ ತಯಾರಾದ ನೆನಪಿನ ಪರೀಕ್ಷೆಯೊಂದನ್ನು ನಮ್ಮ ಹಿರಿಯರಿಗಾಗಿ ಕನ್ನಡಕ್ಕೆ ತಂದೆನಲ್ಲ, ಅದಕ್ಕೆ. ಮೂವತ್ತು ವರ್ಷ ಸರ್ಕಾರದ ಸುತ್ತೋಲೆಗಳನ್ನು ಅನುವಾದಿಸಿದೆ, ಯಾರೂ ಒಂದು ಹಾರ ಹಾಕಲಿಲ್ಲ. ನಿವೃತ್ತನಾದ ಮೇಲೆ ಮೂವತ್ತು ಪ್ರಶ್ನೆ ಅನುವಾದಿಸಿದ್ದಕ್ಕೆ ಪೇಟ, ಶಾಲು, ಹಣ್ಣಿನ ಬುಟ್ಟಿ!

ಅನುವಾದವೆಂದರೆ ಬರೀ ಪದ ಬದಲಿಸುವುದೇ? ಮೂಲದಲ್ಲಿ ಹತ್ತು ಮರದ ತುಂಡುಗಳನ್ನು ಎಣಿಸಬೇಕಿತ್ತು. ನಮ್ಮ ಅಜ್ಜಿಯರಿಗೆ ಮರದ ತುಂಡೇಕೆ? ಹತ್ತು ಪಾವು ರಾಗಿ ಅಳೆಯಲಿ ಎಂದೆ. ಡಾಕ್ಟರ್ ಲತಾ ಚಪ್ಪಾಳೆ ತಟ್ಟಿದರು.

ಮೊದಲು ಪರೀಕ್ಷೆಗೆ ಕೂರಿಸಿದ್ದು ನನ್ನ ತಾಯಿ ಅಂಜನಮ್ಮನವರನ್ನು. ಎಂಬತ್ತೆರಡು ವರ್ಷ. ಅತ್ತಿಗುಪ್ಪೆ ಇನ್ನೂ ಹೊಲವಾಗಿದ್ದಾಗ ಕಣದಲ್ಲಿ ರಾಗಿ ಅಳೆದವರು. ತಾರೀಖು ಕೇಳಿದೆ. "ಅಮಾಸೆ ಆಗಿ ಮೂರ್ ದಿನ ಆಯ್ತು ಕಣಪ್ಪ" ಎಂದರು. ಸೊನ್ನೆ. ಪಾವು ಕೊಟ್ಟೆ. "ಲಾಭ, ಎರಡು, ಮೂರು..." ಎಂದು ಅಳೆಯುತ್ತಾ ಹೋದರು. ಒಂದು ಎಲ್ಲಿ? ಕಣದಲ್ಲಿ ಮೊದಲ ಅಳತೆಯನ್ನು ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಚಿಕ್ಕಂದಿನಲ್ಲಿ ನಾನೂ ಕೇಳಿದವನೇ. ಆದರೆ ಪರೀಕ್ಷೆಯ ಕೈಪಿಡಿಯಲ್ಲಿ ಇರಬೇಕಲ್ಲ? ಮತ್ತೆ ಸೊನ್ನೆ. ಒಟ್ಟು ಇಪ್ಪತ್ತೆರಡು. ಇಪ್ಪತ್ತನಾಲ್ಕಕ್ಕಿಂತ ಕಡಿಮೆ ಬಂದವರನ್ನು ಒಬ್ಬರನ್ನೇ ಹೊರಗೆ ಬಿಡಬಾರದೆಂದು ನಾನೇ ಅನುವಾದಿಸಿದ್ದೆ.

ಅಂದೇ ಗೇಟಿಗೆ ಬೀಗ ಬಿತ್ತು. ದಿನಾ ಬೆಳಗ್ಗೆ ಅತ್ತಿಗುಪ್ಪೆಗೆ ನಡೆದು ಹೋಗಿ, ತಮ್ಮ ತಂಗಿ ಚಿಕ್ಕಲಕ್ಷ್ಮಮ್ಮನವರ ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಬರುತ್ತಿದ್ದವರು ಮನೆಯಲ್ಲೇ ಉಳಿದರು. ನಮಗೂ ನಿಶ್ಚಿಂತೆಯಾಯಿತು.

ಆಮೇಲೆ ವಿಜಯನಗರದ ಶಿಬಿರದಲ್ಲಿ ಹನ್ನೊಂದು ಮಂದಿ ಹಿರಿಯರು "ಲಾಭ" ಎಂದೇ ಶುರು ಮಾಡಿದರು. ಹನ್ನೊಂದು ಜನಕ್ಕೂ ಒಟ್ಟಿಗೆ ಮರೆವು ಬರುತ್ತದೆಯೇ? ಕೈಪಿಡಿ ತಿದ್ದಿದೆ. ಲಾಭ ಎಂದರೂ ಅಂಕ ಕೊಡಿ, ಅಮಾವಾಸ್ಯೆ ಲೆಕ್ಕ ಹೇಳಿದರೂ ಕೊಡಿ ಎಂದು ಬರೆದೆ. ಆ ಎರಡನೇ ಮುದ್ರಣಕ್ಕೇ ಈ ಸನ್ಮಾನ. ತಿದ್ದಿ ಆರು ತಿಂಗಳಾಯಿತು.

ಇವತ್ತು ಅಮ್ಮನನ್ನೂ ಕರೆದುಕೊಂಡು ಇಲ್ಲಿಗೆ ಹೊರಟಾಗ ಅವರು ಕೇಳಿದರು: "ಪುಸ್ತಕ ತಿದ್ದಿದ್ಯಂತೆ. ಬೀಗ ಯಾವಾಗ ತೆಗಿತೀಯೋ?"

ಪುರುಸೊತ್ತಾಗಲಿಲ್ಲ ಎಂದೆ. ಸುಳ್ಳು, ಸಭಿಕರೇ. ಬೀಗ ನನಗೆ ಅನುಕೂಲವಾಗಿತ್ತು. ಇದನ್ನು ಹೇಳಬೇಕೆಂದು ಭಾಷಣದಲ್ಲಿ ಬರೆದುಕೊಂಡಿರಲಿಲ್ಲ, ನಾಚಿಕೆಯಾಗುತ್ತಿದೆ. ಕೀಲಿ ಈಗಲೂ ಇದೇ ಜೇಬಿನಲ್ಲಿದೆ.

ಓ, ಎರಡನೇ ಸಾಲಿನಲ್ಲಿ ಎದ್ದು ನಿಂತವರು ಅಮ್ಮನೇ. ಬಾಗಿಲ ಬಳಿ ಇರುವ ಕಾರ್ಯಕರ್ತರೇ, ಕೈ ಹಿಡಿಯಬೇಡಿ, ಆಟೋ ಕರೆಯಬೇಡಿ. ಸ್ವಲ್ಪ ಪಕ್ಕಕ್ಕೆ ಸರಿಯಿರಿ, ಸಾಕು. ಅತ್ತಿಗುಪ್ಪೆಯ ದಾರಿ ಅವರಿಗೆ ಗೊತ್ತು.

ಕುಳಿತು ಕೇಳಿದ ನಿಮಗೂ, ಎದ್ದು ಹೊರಟ ಅವರಿಗೂ ಧನ್ಯವಾದ. ನಮಸ್ಕಾರ.