ಕಾಳಮ್ಮನದೊಡ್ಡಿಗೆ ಮುಂದಿನ ವರ್ಷ

ಮೆಲ್ಲಗೆ ಕಣೇ... ನಿನ್ನ ಮಗಳು ಈಗ ತಾನೆ ಮಲಗಿದ್ದಾಳೆ. ಪಾತ್ರೆ ಆಮೇಲೆ ತೊಳೆದ್ರಾಯ್ತು, ಬಾ ಇಲ್ಲಿ. ಕೇಳಿದ್ಯಲ್ಲ, ಹೇಳ್ತೀನಿ. ನೆಲದ ಮೇಲಲ್ಲ ಶಿಲ್ಪಶ್ರೀ, ಕುರ್ಚಿ ಮೇಲೆ ಕೂತ್ಕೋ. ಎಷ್ಟು ಸಲ ಹೇಳೋದು ನಿಂಗೆ?

ನಿಮ್ಮ ಕಾಳಮ್ಮನದೊಡ್ಡಿಗೆ ಮಕ್ಕಳ ಕೇಂದ್ರ ಬರುತ್ತೋ ಇಲ್ವೋ, ಅಷ್ಟೇ ತಾನೆ? ಬರುತ್ತೆ, ಬರದೆ ಎಲ್ಲಿಗೆ ಹೋಗುತ್ತೆ. ಆದ್ರೆ ಅದು ನೀನು ಅಂದ್ಕೊಂಡಷ್ಟು ಸಲೀಸಲ್ಲ. ಜಾಗ ಪಂಚಾಯ್ತಿಯವರು ಕೊಡ್ಬೇಕು, ದುಡ್ಡು ಯಾವುದೋ ಕಂಪನಿಯವರು ಕೊಡ್ಬೇಕು, ಆಯಾಗಳಿಗೆ ಟ್ರೇನಿಂಗು ನಮ್ಮ ಟ್ರಸ್ಟಿಂದ ಆಗ್ಬೇಕು. ಇಷ್ಟೆಲ್ಲ ಆದ್ಮೇಲೂ ನಾನು ಹೋಗಿ ನೋಡಿ, ಹೂಂ, ಇಲ್ಲಿ ಮಕ್ಕಳನ್ನ ಬಿಡಬಹುದು ಅಂದ್ರೇನೇ ಲೈಸೆನ್ಸಿಗೆ ಬರೆಯೋದು. ಈ ವರ್ಷದ ದುಡ್ಡು ಎರಡೇ ಊರಿಗೆ. ಕೇಳ್ತಿರೋದು ಮೂರು ಊರು. ಹೌದೇ, ಯಾವುದು ಮೊದಲು ಅನ್ನೋದು ನನ್ನ ಮಾತೇ. ರಿಟೈರ್ಡ್ ಹೆಡ್‌ಮಿಸ್ ಅಂದ್ರೆ ಅಷ್ಟಾದ್ರೂ ಬೆಲೆ ಬೇಡ್ವಾ?

ಯಾಕೆ ನಗ್ತೀಯ?

ಓ... ಅಂಬೆಗಾಲಿನ ಸಮಾಚಾರ. ಊರೆಲ್ಲ ಹಬ್ಬಿಬಿಡ್ತಾ? ನಕ್ಕೋ ನಕ್ಕೋ. ನಾನು ನಿಂತ್ಕೊಂಡು ನೋಡೋಳಲ್ಲಮ್ಮ. ಸೀರೆ ಎತ್ತಿ ಸಿಕ್ಕಿಸ್ಕೊಂಡು, ಮಗು ಥರಾನೇ ಅಂಬೆಗಾಲಿಟ್ಕೊಂಡು ರೂಮೆಲ್ಲ ಸುತ್ತು ಹಾಕ್ತೀನಿ. ಪ್ಲಗ್ಗು ಕೈಗೆ ಸಿಗುತ್ತಾ, ಬಾಗಿಲ ಸಂದಿಗೆ ಬೆರಳು ಹೋಗುತ್ತಾ, ಎಲ್ಲಾದ್ರೂ ಮೊಳೆ ಚಾಚಿಕೊಂಡಿದ್ಯಾ... ನಿಂತವರ ಕಣ್ಣಿಗೆ ಇದ್ಯಾವುದೂ ಬೀಳಲ್ಲ. ನಿಮ್ಮೂರಿನ ಜಾಗ ನೋಡೋಕೆ ಹೋಗಿದ್ದಾಗ, ನಿಮ್ಮ ಪಂಚಾಯ್ತಿ ಮೆಂಬರ್ ಸಿದ್ದಗಂಗಮ್ಮ ಇದ್ದಾರಲ್ಲ, ಬಾಯಿಗೆ ಸೆರಗು ಅಡ್ಡ ಇಟ್ಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲೆ ಏನು ಮಾಡಿದ್ರು ಗೊತ್ತಾ? ತಾವೂ ಮಂಡಿಯೂರಿದ್ರು! ಇಬ್ರು ಮುದುಕೀರು ಆ ಮೂಲೆಯಿಂದ ಈ ಮೂಲೆಗೆ. ಏಳೋಕಾಗ್ದೆ ಒಬ್ಬರ ಹೆಗಲು ಒಬ್ಬರು ಹಿಡ್ಕೊಂಡು ಎದ್ದು ಹೊರಗೆ ಬಂದು, ಸಂಪಿನ ಮುಚ್ಚಳದ ಮೇಲೆ ಕೂತ್ಕೊಂಡು ಬೇಯಿಸಿದ ಕಡಲೆಕಾಯಿ ತಿಂದ್ವಿ. ಎಷ್ಟು ಕಾಲ ಆಗಿತ್ತೋ ಶಿಲ್ಪಾ, ಹಾಗೆ ಒಬ್ಬರ ಪಕ್ಕ ಕೂತು ತಿಂದು. ಒಬ್ಳೇ ತಿಂದ್ರೆ ಯಾವುದಕ್ಕೂ ರುಚಿ ಇರಲ್ಲ.

ಇಲ್ಲ, ನಿಂಗೆ ಗೊತ್ತಾಗಲ್ಲ. ನಿನ್ನ ಮನೆ ತುಂಬ ಜನ. ನೀವಿಬ್ರು ಬರೋಕೆ ಮುಂಚೆ ನಾನು ದಿನಕ್ಕೆ ಎರಡು ಸಲ ಹಾಲಿನ ಬೂತಿಗೆ ಹೋಗ್ತಿದ್ದೆ. ಒಬ್ಳಿಗೆ ಎಷ್ಟು ಹಾಲು ಬೇಕು? ಆ ಹುಡುಗ "ಮೇಡಂ, ಚಿಲ್ರೆ ಕೊಡಿ" ಅಂತಾನಲ್ಲ, ಅಷ್ಟಕ್ಕೆ. ಇಡೀ ಇಟ್ಟಮಡು ಬಡಾವಣೇಲಿ ಆ ದಿನ ನನ್ನ ಜೊತೆ ಆಡಿದ ಮಾತು ಅದೊಂದೇ ಆಗಿರ್ತಿತ್ತು.

ಈಗ ನೋಡು, ಲಿಖಿತಾ ಗೇಟಿನ ಹತ್ರಾನೇ "ಅಜ್ಜೀ" ಅಂತ ಶುರು ಮಾಡ್ತಾಳೆ. ನಿದ್ದೆ ಬಂದ್ರೆ ನನ್ನ ಬಳೆ ಹಿಡ್ಕೊಂಡೇ ಮಲಗ್ಬೇಕು. ಇವತ್ತೂ ಬಸ್ಸಲ್ಲಿ ವಾಂತಿ ಮಾಡ್ಕೊಂಡ್ಳಾ? ಪಾಪ. ಅಷ್ಟು ಹೊತ್ತಿಗೆ ಎಬ್ಬಿಸಿ, ಆ ರಶ್ಶಲ್ಲಿ ತೊಡೆ ಮೇಲೆ ಇಟ್ಕೊಂಡು... ಗೊತ್ತು ಕಣೇ, ನಂಗೂ ಗೊತ್ತು. ಮೂರು ವರ್ಷ ತುಂಬೋವರೆಗೂ ಅಂಗನವಾಡೀಲಿ ಬಿಟ್ಕೊಳ್ಳಲ್ಲ, ಬೇರೆ ದಾರಿ ಇಲ್ಲ ನಿಂಗೆ. ಕೇಂದ್ರ ತೆಗೆದ ಮಾರನೇ ದಿನಾನೇ ನಿಮ್ಮೂರ ಹತ್ರದ ಹಾರೋಹಳ್ಳಿ ಗಾರ್ಮೆಂಟ್ಸಿಗೆ ಸೇರ್ಕೊಂಡ್ಬಿಡ್ತೀನಿ ಅಂದಿದ್ದೆಯಲ್ಲ ಅವತ್ತು. ಎಷ್ಟು ಖುಷಿಯಾಗಿ ಹೇಳಿದೆ. ನಾನು ಸಾರಿಗೆ ಒಗ್ಗರಣೆ ಹಾಕ್ತಿದ್ದೆ, ಸಾಸಿವೆ ಸೀದೇ ಹೋಯ್ತು.

ಇರು, ವಿಷಯಕ್ಕೇ ಬರ್ತಿದೀನಿ.

ಈ ವರ್ಷ ಆಗಲ್ಲ ಶಿಲ್ಪಾ. ಸಂಜೆ ನಮ್ಮ ಟ್ರಸ್ಟ್ ಸೆಕ್ರೆಟರಿ ವೆಂಕಟಾಚಲ ಫೋನ್ ಮಾಡ್ತಾರೆ, ಕಾಳಮ್ಮನದೊಡ್ಡಿ ಮುಂದಿನ ವರ್ಷ ಅಂತ ಹೇಳ್ಬೇಕಾಗುತ್ತೆ. ಏನು ಮಾಡ್ಲಿ ಹೇಳು? ಆ ಸಂಪು ಇದ್ಯಲ್ಲ... ಅಂಗಳದಲ್ಲಿ ಹಾಗೇ ಬಾಯಿ ತೆರ್ಕೊಂಡಿದೆ, ಮುಚ್ಚಳ ಇಲ್ಲ, ಏನಿಲ್ಲ. ಮಕ್ಕಳು ಓಡಾಡೋ ಜಾಗ. ಒಂದು ಹೋಗಿ ಇನ್ನೊಂದಾದ್ರೆ ಯಾರು ಹೊಣೆ? ನಾನು ಕಣ್ಣು ಮುಚ್ಕೊಂಡು ಹೂಂ ಅನ್ನೋಕಾಗುತ್ತಾ?

ಏನೇ, ಹಾಗೆ ನೋಡ್ತೀಯ?

ಬೇಜಾರಾಯ್ತಾ? ಒಂದು ವರ್ಷ ತಾನೆ, ಕಣ್ಣು ಮುಚ್ಚಿ ಬಿಡೋಷ್ಟರಲ್ಲಿ ಹೋಗುತ್ತೆ. ಮಗು ಇಲ್ಲೇ ಇರುತ್ತೆ ನನ್ನ ಹತ್ರ. ನಾನೇನು ಅವಳಿಗೆ ಕಮ್ಮಿ ಮಾಡಿದೀನಾ? ತುಪ್ಪ ಅನ್ನ, ಬೆಳ್ಳಿ ಲೋಟದಲ್ಲಿ ಹಾಲು... ಬೇಕಾದ್ರೆ ಆಟೋಗೆ ಹೇಳ್ತೀನಿ, ಬಸ್ ಸ್ಟ್ಯಾಂಡಿಂದ ಇಲ್ಲಿಗೆ...

ಮಾತಾಡೇ. ಬಯ್ಯೋದಾದ್ರೆ ಬಯ್ಯಿ. ಹೀಗೆ ನನ್ನ ಮುಖಾನೇ ನೋಡ್ತಾ ಕೂತ್ರೆ...

ಏನಂದೆ ನಾನು? ಸಿದ್ದಗಂಗಮ್ಮ ನಕ್ರು ಅಂದೆ. ಹೊರಗೆ ಬಂದ್ವಿ ಅಂದೆ. ಬಂದು...

ಹೂಂ.

ಹೂಂ, ಅದರ ಮೇಲೇ ಕೂತಿದ್ವಿ. ಕಬ್ಬಿಣದ ಮುಚ್ಚಳ, ಬೀಗ ಬೇರೆ ಹಾಕಿದ್ರು. ಬಿಸಿಲಿಗೆ ಕಾದಿತ್ತು ಅಂತ ಸಿದ್ದಗಂಗಮ್ಮ ಗೋಣಿಚೀಲ ಹಾಸಿಕೊಟ್ರು.

ಎಲ್ಲ ಸರಿಯಾಗೇ ಇತ್ತು ಶಿಲ್ಪಾ. ಮೂರು ಊರಲ್ಲಿ ನಿಮ್ಮೂರಿನಷ್ಟು ಅಚ್ಚುಕಟ್ಟು ಇನ್ಯಾವುದೂ ಇರಲಿಲ್ಲ. ಪುಟ್ಟ ಕೈಗೆ ಎಟುಕೋ ಹಾಗೆ ತಗ್ಗಲ್ಲಿ ನಲ್ಲಿ ಹಾಕ್ಸಿದ್ದಾರೆ. ಕಿಟಕಿ ಕೆಳಗೆ ಒಂದು ತಂಪು ಜಾಗ ಇದೆ, ಅಲ್ಲಿ ಮಂಡಿಯೂರಿದಾಗ ಅನ್ನಿಸ್ತು... ಲಿಖಿತಾ ಇಲ್ಲೇ ಮಲಗ್ತಾಳೆ, ಯಾವ ಬಳೇನೂ ಬೇಕಾಗಲ್ಲ ಅವಳಿಗೆ ಅಂತ. ಮನೆಗೆ ಬರೋ ಹೊತ್ತಿಗೆ ಸಂಪಿಗೆ ಮುಚ್ಚಳ ಇರಲಿಲ್ಲ. ಹಾಗೇ ಆಯ್ತು ನೋಡು, ದಾರೀಲಿ ಮನಸ್ಸಿನಲ್ಲೇ ನಾನೇ ತೆಗೆದುಬಿಟ್ಟಿದ್ದೆ.

ನನ್ನ ಫೋನ್ ಎಲ್ಲಿ? ಕೊಡಿಲ್ಲಿ. ಸಂಜೆವರೆಗೆ ಕಾಯಲ್ಲ, ಸಂಜೆ ಹೊತ್ತಿಗೆ ನನ್ನ ಮನಸ್ಸು ಹೇಗಿರುತ್ತೋ.

ಹಲೋ, ವೆಂಕಟಾಚಲ ಅವರಾ? ಸತ್ಯಭಾಮಾ. ಕಾಳಮ್ಮನದೊಡ್ಡಿ ವಿಷಯ... ಮೊದಲು ಅದೇ ಆಗ್ಲಿ. ಹೌದು, ನೋಡಿದೀನಿ. ಸಂಪಿಗೆ ಮುಚ್ಚಳ ಇದೆ. ಇದೆ ಅಂದ್ನಲ್ಲ, ಕೂತು ನೋಡಿದೀನಿ. ಇಡ್ತೀನಿ.

ಆಯ್ತು ಕಣೇ. ಮುಂದಿನ ತಿಂಗಳು ತೆಗೀತಾರಂತೆ.

ಶ್... ಎದ್ಳು. ಕೇಳಿಸ್ತಾ? "ಅಜ್ಜೀ" ಅಂತಿದ್ದಾಳೆ.

ಶಿಲ್ಪಾ... ನಾನು ಹೋಗಿ ಎತ್ಕೊಳ್ಳಲಾ?